ತಂತಿಯನ್ನು ಮೀಟಿದವರು ಯಾರು?

ಹೋದ ಸಂಚಿಕೆಯ ಕೊನೆಯಲ್ಲಿ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನಲ್ಲಿ ಗ್ರೀಸ್ ದೇಶದ ಕಲಾವಿದ ಟಾಕಿಸ್ ಮಾಡಿದ ಒಂದು ಹಲಗೆ ನೋಡಿದೆ. ಅದರ ಮೇಲೆ ಒಂದು ತಂತಿ, ಮುಂದೆ ಒಂದು ಸೂಜಿ. ಯಾರೂ ಮುಟ್ಟದೆ ಆ ತಂತಿ ನುಡಿಯಿತು. ಇಷ್ಟೇ ಬರೆದದ್ದು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನಿಗೆ ಇದಕ್ಕಿಂತ ಸಂತೋಷ ಇಲ್ಲ. ಈ ಸಲ ಪೂರ್ತಿ ಅಂಕಣ ಇದಕ್ಕೇ ಇರಲಿ.

ಪ್ರಶ್ನೆ: ಯಾರೂ ಮುಟ್ಟದೆ ತಂತಿ ನುಡಿಯಿತು ಅಂದಿದ್ದೀರಿ. ಅಲ್ಲಿ ಏನೇನು ಇತ್ತು? ಹೇಗೆ ಕೆಲಸ ಮಾಡುತ್ತದೆ? ಬಿಡಿಸಿ ಹೇಳಿ ಸರ್.
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ತಿಪಟೂರು

ಬಿಡಿಸಿಯೇ ಹೇಳುತ್ತೇನೆ ಕಣಮ್ಮಾ. 2019ರಲ್ಲಿ ಮಗಳ ಬಾಣಂತನಕ್ಕೆ ನಾನೂ ನನ್ನ ಹೆಂಡತಿಯೂ ಲಂಡನ್ನಿಗೆ ಹೋಗಿದ್ದೆವು. ಆಗಸ್ಟ್ ಕೊನೆ. ಮಗು ಮಲಗಿದ್ದ ಒಂದು ಮಧ್ಯಾಹ್ನ ನಾನೊಬ್ಬನೇ ಬಸ್ಸು ಹತ್ತಿ ಥೇಮ್ಸ್ ನದಿಯ ದಡಕ್ಕೆ ಹೋದೆ. ಟೇಟ್ ಮಾಡರ್ನ್ ಮೊದಲಿಗೆ ಮ್ಯೂಸಿಯಂ ಅಲ್ಲ, ಬ್ಯಾಂಕ್‌ಸೈಡ್ ಎಂಬ ವಿದ್ಯುತ್ ಸ್ಥಾವರ. 1981ರಲ್ಲಿ ಅದು ನಿಂತಿತು. 2000ದಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಟರ್ಬೈನುಗಳು ಇದ್ದ ದೊಡ್ಡ ಹಾಲ್ ಈಗಲೂ ಹಾಗೇ ಇದೆ, ಟರ್ಬೈನುಗಳು ಮಾತ್ರ ಇಲ್ಲ. ಕರೆಂಟು ಹುಟ್ಟುತ್ತಿದ್ದ ಮನೆಯಲ್ಲಿ ಕರೆಂಟಿನಿಂದ ನುಡಿಯುವ ಶಿಲ್ಪ. ಒಳಗೆ ಕಾಲಿಟ್ಟ ಕೂಡಲೇ ನನಗೆ ಅದೇ ತಲೆಯಲ್ಲಿ ಓಡುತ್ತಿತ್ತು.

ಈಗ ಹಲಗೆಗೆ ಬರೋಣ. ಬಿಳಿ ಬಣ್ಣ ಬಳಿದ ಹಲಗೆ. ಅದರ ಮೇಲೆ ಒಂದು ತಂತಿ ಬಿಗಿದಿದೆ. ತಂತಿಯ ಮುಂದೆ ನೈಲಾನ್ ದಾರಕ್ಕೆ ಒಂದು ಉದ್ದನೆಯ ಸೂಜಿ ಕಟ್ಟಿ ಇಳಿಬಿಟ್ಟಿದೆ. ಹಲಗೆಯ ಹಿಂದೆ, ನಮ್ಮ ಕಣ್ಣಿಗೆ ಬೀಳದ ಹಾಗೆ, ಒಂದು ವಿದ್ಯುತ್ಕಾಂತ ಇದೆ. ಕಬ್ಬಿಣಕ್ಕೆ ತಾಮ್ರದ ತಂತಿ ಸುತ್ತಿ ಕರೆಂಟು ಹರಿಸಿದರೆ ಕಬ್ಬಿಣ ಆಯಸ್ಕಾಂತ ಆಗುತ್ತದೆ, ಕರೆಂಟು ನಿಲ್ಲಿಸಿದರೆ ಆ ಗುಣ ಹೋಗುತ್ತದೆ. ನಿನ್ನ ಪುಸ್ತಕದಲ್ಲೇ ಇದೆ. ಇದನ್ನು ಮೊದಲು ಮಾಡಿ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್, 1825ರಲ್ಲಿ. ಹುಡುಗನಾಗಿದ್ದಾಗ ಬೂಟು ಹೊಲಿಯುವ ಕಸುಬು ಕಲಿತಿದ್ದ ಮನುಷ್ಯ. ಅವರ ಕಬ್ಬಿಣದ ತುಂಡು ಸುಮಾರು 200 ಗ್ರಾಂ, ಅದು ಎತ್ತಿದ್ದು ಸುಮಾರು 4 ಕಿಲೋ.

ಕರೆಂಟು ಬಂತು ಅಂತ ಇಟ್ಟುಕೋ. ಸೂಜಿ ಹಲಗೆಯ ಕಡೆಗೆ ಹೊರಡುತ್ತದೆ. ಆದರೆ ಒಂದೇ ವೇಗದಲ್ಲಿ ಅಲ್ಲ. ದೂರ ಇದ್ದಾಗ ಎಳೆತ ತೀರಾ ಕಡಿಮೆ. ಹತ್ತಿರ ಬಂದ ಹಾಗೆ ಗಬಕ್ಕನೆ ಜಾಸ್ತಿ ಆಗುತ್ತದೆ. ಹೀಗಾಗಿ ಸೂಜಿ ಮೊದಲು ಹೋಗಲೋ ಬೇಡವೋ ಅಂತ ಅನುಮಾನಿಸುತ್ತದೆ, ಆಮೇಲೆ ಒಂದೇ ನೆಗೆತ. ತಂತಿಗೆ ಹೊಡೆಯುತ್ತದೆ. ಒಂದೆರಡು ಸಲ ಪುಟಿಯುತ್ತದೆ. ಕರೆಂಟು ಹೋಯಿತು, ಸೂಜಿ ಹಿಂದಕ್ಕೆ ತೂಗಿತು. ತಂತಿಯ ನಡುಕವನ್ನು ಹಿಡಿದು, ಹಿಗ್ಗಿಸಿ, ಸ್ಪೀಕರಿಗೆ ಕಳಿಸುವ ಏರ್ಪಾಡು ಇದೆ. ಅದಕ್ಕೇ ಅಷ್ಟು ಸಣ್ಣ ಸೂಜಿಯ ಏಟು ಇಡೀ ಕೋಣೆ ತುಂಬುತ್ತದೆ. ಸ್ಪೀಕರಿನ ಒಳಗೆ ಏನಿದೆ ಗೊತ್ತಲ್ವಾ? ಅಲ್ಲೂ ಒಂದು ತಂತಿಯ ಸುರುಳಿ, ಒಂದು ಆಯಸ್ಕಾಂತ. ಏಟು ಕೊಟ್ಟದ್ದೂ ಅದೇ ಬಲ, ಅದನ್ನು ನಮ್ಮ ಕಿವಿಗೆ ತಂದದ್ದೂ ಅದೇ ಬಲ.

ನಮ್ಮ ಭಾಷೆಯಲ್ಲಿ ಆಯಸ್ಕಾಂತಕ್ಕೆ ಇನ್ನೊಂದು ಹಳೆಯ ಹೆಸರಿದೆ: ಸೂಜಿಗಲ್ಲು. ಸೂಜಿಯನ್ನು ಎಳೆಯುವ ಕಲ್ಲು. ಆ ಹಲಗೆಯ ಮುಂದೆ ನಿಂತಾಗ ನನ್ನ ಬಾಯಿಗೆ ಬಂದ ಪದ ಅದೇ.

ಪ್ರಶ್ನೆ: ಈ ಟಾಕಿಸ್ ಯಾರು? ವಿಜ್ಞಾನಿಯೋ ಶಿಲ್ಪಿಯೋ?
– ನಿವೃತ್ತ ರೈಲ್ವೆ ನೌಕರರು, ಅರಸೀಕೆರೆ

ತಾವು ರೈಲ್ವೆಯವರು, ಅದೂ ಜಂಕ್ಷನ್ ಊರಿನವರು. ಹಾಗಾಗಿ ಈ ಉತ್ತರ ರೈಲ್ವೆ ಸ್ಟೇಷನ್ನಿನಿಂದಲೇ ಶುರುವಾಗಲಿ.

ಟಾಕಿಸ್ ಅವರ ಪೂರ್ತಿ ಹೆಸರು ಪನಾಯೋಟಿಸ್ ವಸಿಲಾಕಿಸ್. 1925ರಲ್ಲಿ ಅಥೆನ್ಸಿನಲ್ಲಿ ಹುಟ್ಟಿದರು. ಯಾವ ಕಲಾಶಾಲೆಯಲ್ಲೂ ಕಲಿಯಲಿಲ್ಲ. 1954ರಲ್ಲಿ ಊರು ಬಿಟ್ಟು ಪ್ಯಾರಿಸ್ಸಿಗೆ ಹೋದರು. ಆಮೇಲೆ ಒಮ್ಮೆ ಫ್ರಾನ್ಸಿನ ಕಡಲತೀರದ ಕ್ಯಾಲೇ ಸ್ಟೇಷನ್ನಿನಲ್ಲಿ ರೈಲಿಗಾಗಿ ಗಂಟೆಗಟ್ಟಲೆ ಕಾಯಬೇಕಾಯಿತು. ಸುತ್ತಲೂ ಸಿಗ್ನಲ್ ಕಂಬಗಳು, ಕೆಂಪು ಹಸಿರು ದೀಪಗಳು, ಹಳಿಗಳು. ಅವರಿಗೆ ಅದು ಒಂದು ಕಾಡಿನ ಹಾಗೆ ಕಂಡಿತು. ದೀಪಗಳು ಕಣ್ಣು ಮಿಟುಕಿಸಿದ ಹಾಗೆ. ತಾವು ಕೆಲಸದ ಮೇಲೆ ದಿನಾ ನೋಡಿದ್ದನ್ನು ಅವರು ಒಂದು ರಾತ್ರಿ ಬೆರಗಿನಿಂದ ನೋಡಿದರು. ಆಮೇಲೆ ‘ಸಿಗ್ನಲ್’ ಅಂತಲೇ ಹೆಸರಿಟ್ಟು ಶಿಲ್ಪಗಳನ್ನು ಮಾಡಿದರು. ಬಳುಕುವ ತೆಳ್ಳನೆಯ ಉದ್ದ ಕಡ್ಡಿಗಳು, ತುದಿಯಲ್ಲಿ ದೀಪ ಅಥವಾ ಯಾವುದೋ ಲೋಹದ ಚೂರು. ಗಾಳಿಗೆ ತೂಗುತ್ತವೆ, ಒಂದಕ್ಕೊಂದು ತಾಗಿದರೆ ಟಿಣ್ ಅನ್ನುತ್ತವೆ. ಪ್ಯಾರಿಸ್ಸಿನ ಲಾ ಡೆಫೆನ್ಸ್ ಎಂಬ ಬಡಾವಣೆಯಲ್ಲಿ ಒಂದು ಕೊಳದ ನೀರಿನ ಮೇಲೆ ಇಂಥ 49 ದೀಪದ ಕಂಬಗಳು ನಿಂತಿವೆ.

1959ರಲ್ಲಿ ಆಯಸ್ಕಾಂತ ಕೈಗೆ ಬಂತು. ಮೊಳೆಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಿಗಿದು, ಎದುರಿಗೆ ಆಯಸ್ಕಾಂತ ಇಟ್ಟರು. ಮೊಳೆ ಆಯಸ್ಕಾಂತದ ಕಡೆಗೆ ಹಾರುತ್ತದೆ. ಆದರೆ ದಾರ ಬಿಡುವುದಿಲ್ಲ. ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ. ಅವರ ಶಿಲ್ಪ ಇರುವುದು ಆ ಖಾಲಿ ಜಾಗದಲ್ಲಿ ಅಂತ ನನ್ನ ಭಾವನೆ. ಮೊಳೆ ಬರೀ ಗುರುತು.

1960ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಒಂದು ಗ್ಯಾಲರಿಯಲ್ಲಿ ಸಿಂಕ್ಲೇರ್ ಬೈಲ್ಸ್ ಎಂಬ ದಕ್ಷಿಣ ಆಫ್ರಿಕಾದ ಕವಿಯನ್ನು ಆಯಸ್ಕಾಂತಗಳ ನೆರವಿನಿಂದ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಲ್ಲಿಸಿದರು. ಆ ಕವಿ ಅಲ್ಲಿಂದಲೇ, ಭೂಮಿಯ ಮೇಲಿನ ಅಣುಬಾಂಬುಗಳೆಲ್ಲ ಶಿಲ್ಪಗಳಾಗಲಿ ಎಂಬ ಅರ್ಥದ ಮಾತು ಓದಿದರು. ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಲು ಇನ್ನೂ ಐದು ತಿಂಗಳು ಬಾಕಿ ಇತ್ತು!

ವಿಜ್ಞಾನಿಯೋ ಅಂತ ಕೇಳಿದ್ದೀರಿ. ಅಲ್ಲ. ಆದರೆ ವಿಜ್ಞಾನಿಗಳ ಹತ್ತಿರ ಹೋಗಿ ಕೂತು ಕಲಿತವರು. 1968ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆ ಅವರನ್ನು ಕರೆಸಿಕೊಂಡಿತ್ತು. ಅದೇ ಸಮಯದ ಇನ್ನೊಂದು ಘಟನೆ ನನಗೆ ತುಂಬಾ ಇಷ್ಟ. 1969ರ ಜನವರಿ 3. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ, ಯಂತ್ರಗಳ ಬಗ್ಗೆ ಒಂದು ದೊಡ್ಡ ಪ್ರದರ್ಶನ ಇಟ್ಟಿತ್ತು. ಅದರಲ್ಲಿ ಟಾಕಿಸ್ ಅವರ ಒಂದು ಶಿಲ್ಪವನ್ನು ಅವರಿಗೆ ಇಷ್ಟವಿಲ್ಲದಿದ್ದರೂ ಇಟ್ಟಿದ್ದರು. ಅವರು ಗೆಳೆಯರ ಜೊತೆ ಒಳಗೆ ಹೋಗಿ, ತಮ್ಮದೇ ಶಿಲ್ಪವನ್ನು ಎತ್ತಿಕೊಂಡು ಮ್ಯೂಸಿಯಂನ ತೋಟಕ್ಕೆ ಬಂದು ಕೂತುಬಿಟ್ಟರು. ಪ್ರದರ್ಶನದಿಂದ ತೆಗೆಯುತ್ತೇವೆ ಅಂತ ಒಪ್ಪಿದ ಮೇಲೇ ಎದ್ದದ್ದು. ಅದರ ಬೆನ್ನಿಗೇ ಅಲ್ಲಿನ ಕಲಾವಿದರು ತಮ್ಮ ಹಕ್ಕಿಗಾಗಿ ಒಂದು ಒಕ್ಕೂಟ ಕಟ್ಟಿಕೊಂಡರು. ಮ್ಯೂಸಿಯಂ ಕೊಂಡ ಮಾತ್ರಕ್ಕೆ ಮಾಡಿದವರ ಮಾತಿಗೆ ಬೆಲೆ ಇಲ್ಲವೇ ಎಂಬ ಆ ಪ್ರಶ್ನೆ ಸರಿಯಾದ ಪ್ರಶ್ನೆ.

2019ರ ಆಗಸ್ಟ್ 9ರಂದು ಟಾಕಿಸ್ ತೀರಿಕೊಂಡರು. ಟೇಟ್‌ನಲ್ಲಿ ಅವರ ಶಿಲ್ಪಗಳ ಪ್ರದರ್ಶನ ನಡೆಯುತ್ತಲೇ ಇತ್ತು. ನಾನು ಹೋದದ್ದು ಅದಾದ ಮೂರು ವಾರಕ್ಕೆ.

ಪ್ರಶ್ನೆ: ರಾಗ ಇಲ್ಲ, ತಾಳ ಇಲ್ಲ, ಹಾಡುವವರೂ ಇಲ್ಲ. ಇದನ್ನು ಸಂಗೀತ ಅಂತ ಹೇಗೆ ಕರೆಯುತ್ತೀರಿ?
– ಸಂಗೀತ ಶಿಕ್ಷಕಿ, ಧಾರವಾಡ

ಧಾರವಾಡದಿಂದ ಈ ಪ್ರಶ್ನೆ ಬಂದರೆ ನೆಟ್ಟಗೆ ಕೂತೇ ಉತ್ತರ ಬರೆಯಬೇಕು ಮೇಡಂ. ಸಂಗೀತ ಅಂತ ಒಪ್ಪಿಕೊಳ್ಳಿ ಅಂತ ನಾನು ಹಠ ಹಿಡಿಯುವುದಿಲ್ಲ. ನಾದ ಅನ್ನೋಣ. ಆ ಪದ ನಮ್ಮಲ್ಲಿ ಇದೆಯಲ್ಲ.

ತಂಬೂರಿಯನ್ನು ನೆನಪಿಸಿಕೊಳ್ಳಿ. ಅದರಲ್ಲೂ ರಾಗ ಇಲ್ಲ, ತಾಳ ಇಲ್ಲ. ನಾಲ್ಕು ತಂತಿಯನ್ನು ಒಂದಾದ ಮೇಲೊಂದು ಮೀಟುತ್ತಾ ಇದ್ದರೆ ಆಯಿತು. ಆದರೂ ತಂತಿಗಳನ್ನು ಹೊತ್ತ ಕುದುರೆಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ಎಳೆಯನ್ನು ಒಂದು ಕೂದಲಿನಷ್ಟು ಸರಿಸಿದರೆ ಏನಾಗುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇದ್ದಕ್ಕಿದ್ದ ಹಾಗೆ ತಂತಿಯೊಳಗಿಂದ ಇನ್ನೂ ಹತ್ತು ಸ್ವರ ಎದ್ದು ಬರುತ್ತವೆ. ಆ ಸ್ವರಗಳನ್ನು ಯಾರೂ ಮೀಟಿಲ್ಲ. ತಂತಿಯಲ್ಲೇ ಇದ್ದವು.

ಟಾಕಿಸ್ ಅವರ ಹಲಗೆಯಲ್ಲಿ ಸೂಜಿ ತೂಗಾಡುತ್ತಿರುತ್ತದೆ. ಹೀಗಾಗಿ ಎರಡು ಏಟು ಒಂದೇ ಥರ ಬೀಳುವುದಿಲ್ಲ. ಒಮ್ಮೆ ತುದಿ ತಾಗುತ್ತದೆ, ಒಮ್ಮೆ ಹೊಟ್ಟೆ ತಾಗುತ್ತದೆ, ಒಮ್ಮೆ ಸುಮ್ನೆ ಸವರಿಕೊಂಡು ಹೋಗುತ್ತದೆ. ಇಂಥ ಹಲಗೆಗಳು ನಾಲ್ಕಾರು ಒಟ್ಟಿಗೆ ಇದ್ದರೆ ಪ್ರತಿಯೊಂದಕ್ಕೂ ಅದರದೇ ಹೊತ್ತು. ನಾನು ನಿಂತಿದ್ದಾಗ ಸ್ವಲ್ಪ ಹೊತ್ತು ಎಲ್ಲವೂ ಸುಮ್ಮನಾದವು. ಆ ಮೌನದಲ್ಲಿ ಮುಂದಿನ ಏಟು ಯಾವ ಕಡೆಯಿಂದ ಬರುತ್ತದೆ ಅಂತ ಕೋಣೆಯಲ್ಲಿದ್ದವರೆಲ್ಲ ಕಿವಿ ನೆಟ್ಟಿದ್ದರು. ಒಂದು ಪುಟ್ಟ ಹುಡುಗಿ ಉಸಿರು ಬಿಗಿಹಿಡಿದಿದ್ದಳು.

ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. ಮೂರು ಗಂಟೆ ಕೂತು ಕೇಳುವ ಕಛೇರಿಯ ಸುಖ ಇಲ್ಲಿ ಇಲ್ಲ. ಅದರ ಜಾಗಕ್ಕೆ ಇದು ಬರಲೂ ಬಾರದು.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಸೋನೋಮೀಟರ್ ಪ್ರಯೋಗ ಮಾಡುತ್ತಿದ್ದೇವೆ. ಹಿತ್ತಾಳೆ ತಂತಿಗೆ 50 ಬರುತ್ತದೆ. ಕಬ್ಬಿಣದ ತಂತಿಗೆ 100 ಬರುತ್ತದೆ, ಅದನ್ನು ಅರ್ಧ ಮಾಡಿ ಅನ್ನುತ್ತಾರೆ. ಯಾಕೆ? ಈ ಪ್ರಯೋಗಕ್ಕೂ ನೀವು ಬರೆದ ಕಲೆಗೂ ಏನಾದರೂ ಸಂಬಂಧ ಇದೆಯೇ?
– ಬಿ.ಎಸ್ಸಿ. ವಿದ್ಯಾರ್ಥಿ, ಸಾಗರ

ನಿನ್ನ ಪತ್ರ ಓದಿ ನಾನು ಎದ್ದು ಹೋಗಿ ಹಳೆಯ ಲ್ಯಾಬ್ ಪುಸ್ತಕ ಹುಡುಕಿದೆ ಕಣಪ್ಪಾ. ಸಂಬಂಧ ಇದೆಯೇ ಅಂತ ಕೇಳಿದ್ದೀಯ. ಎರಡೂ ಒಂದೇ!

ಬೇರೆ ಓದುಗರಿಗಾಗಿ ಒಂದು ಮಾತು: ಸೋನೋಮೀಟರ್ ಅಂದರೆ ಮರದ ಪೆಟ್ಟಿಗೆಯ ಮೇಲೆ ತಂತಿ ಬಿಗಿದು ಅದರ ಕಂಪನ ಅಳೆಯುವ ಉಪಕರಣ. 50, 100 ಅಂದರೆ ತಂತಿ ಸೆಕೆಂಡಿಗೆ ಅಷ್ಟು ಸಲ ಕಂಪಿಸುತ್ತದೆ ಅಂತ. ಮೊದಲು ಲೆಕ್ಕ. ಹಿತ್ತಾಳೆ ತಂತಿಯನ್ನು ಲಾಳಾಕಾರದ ಆಯಸ್ಕಾಂತದ ಎರಡು ಧ್ರುವಗಳ ನಡುವೆ ಹಾಯಿಸಿ, ತಂತಿಯೊಳಗೇ ಕರೆಂಟು ಬಿಡುತ್ತೀರಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ಹರಿಯುತ್ತದೆ. ಅದು ಆ ಕಡೆ ಹರಿದಾಗ ತಂತಿಗೆ ಎಡಕ್ಕೆ ತಳ್ಳು, ಈ ಕಡೆ ಹರಿದಾಗ ಬಲಕ್ಕೆ ತಳ್ಳು. ಹಾಗಾಗಿ 50. ಇನ್ನು ಕಬ್ಬಿಣದ ತಂತಿ. ಅದರೊಳಗೆ ಕರೆಂಟಿಲ್ಲ, ಮೇಲೆ ಹಿಡಿದ ವಿದ್ಯುತ್ಕಾಂತದಲ್ಲಿ ಇದೆ. ವಿದ್ಯುತ್ಕಾಂತದ ತುದಿ ಉತ್ತರ ಧ್ರುವ ಆಗಲಿ, ದಕ್ಷಿಣ ಧ್ರುವ ಆಗಲಿ, ಕಬ್ಬಿಣಕ್ಕೆ ಎರಡೂ ಒಂದೇ. ಅದು ಹತ್ತಿರಕ್ಕೇ ಬರುತ್ತದೆ. ಕರೆಂಟಿನ ಒಂದು ಸುತ್ತಿನಲ್ಲಿ ಎರಡು ಸಲ ಎಳೆತ. ಹಾಗಾಗಿ 100. ಅರ್ಧ ಮಾಡಿದರೆ ಕರೆಂಟಿನ 50 ಸಿಗುತ್ತದೆ.

ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿಗೆ ಅರ್ಧ ಕಿಲೋ ತೂಕ ಕಟ್ಟಿದರೆ ತಂತಿಗೆ ಆಸರೆಯಾದ ಎರಡು ಬ್ರಿಜ್ಜುಗಳ ನಡುವೆ ಸುಮಾರು 54 ಸೆಂಟಿಮೀಟರ್ ಬಂದಾಗ ತಂತಿ ಮೈತುಂಬಿ ಕುಣಿಯುತ್ತದೆ. ತಂತಿಯ ನಡುವೆ ಕೂರಿಸಿದ ಕಾಗದದ ಚೂರು, ಅಂದರೆ ರೈಡರ್, ಹಾರಿ ಬೀಳುತ್ತದೆ. ಆ ಕ್ಷಣ ಸ್ಕೇಲು ನೋಡು, ಬರೆದುಕೋ. ಇದು ನಾನು ಬ್ಯಾಚಿನ ಮೇಲೆ ಬ್ಯಾಚಿಗೆ ಹೇಳಿಕೊಟ್ಟ ವಿಧಾನ.

ಒಬ್ಬ ಹುಡುಗ ಇದ್ದ. ರೈಡರ್ ಬಿದ್ದ ಮೇಲೂ ಅವನು ಸ್ವಿಚ್ ಆಫ್ ಮಾಡಲಿಲ್ಲ. ಪೆಟ್ಟಿಗೆಗೆ ಕಿವಿ ಕೊಟ್ಟು ಬಗ್ಗಿ ನಿಂತಿದ್ದ. ‘ಸರ್, ತಂತಿ ಹಾಡ್ತಾನೇ ಇದೆ. ನಡುನಡುವೆ ಬೇರೆ ಥರ ಹಾಡುತ್ತೆ. ಕೇಳಿ ಸರ್’ ಅಂದ. ನಾನು ‘ರೀಡಿಂಗ್ ಬರ್ಕೊಂಡ್ಯಾ? ಆಫ್ ಮಾಡು’ ಅಂದೆ. ಹಿಂದೆ ಇನ್ನೂ ಆರು ಜನ ಕಾಯುತ್ತಿದ್ದರು, ಆ ಹೊತ್ತಿಗೆ ಅದು ಸರಿಯಾದ ಮಾತೇ. ಆದರೆ ಆ ಹುಡುಗ ಕೇಳಿಸಿಕೊಂಡದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ಯಾಕೆಂದರೆ ಅದೇ ಸ್ವಿಚ್ಚನ್ನು ಆಫ್ ಮಾಡದೆ ಬಿಟ್ಟ ಒಬ್ಬರಿದ್ದರು. ಆಲ್ವಿನ್ ಲೂಸಿಯರ್ ಅಂತ ಹೆಸರು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಮೇಷ್ಟ್ರು. 1970ರ ದಶಕದಲ್ಲಿ ಒಬ್ಬ ಭೌತಶಾಸ್ತ್ರ ಪ್ರಾಧ್ಯಾಪಕರ ಜೊತೆ ಸೇರಿ ನಾದಶಾಸ್ತ್ರದ ತರಗತಿ ನಡೆಸುತ್ತಿದ್ದರು. ಅಲ್ಲಿ ಆ ಪ್ರಾಧ್ಯಾಪಕರು ಮಾಡಿ ತೋರಿಸಿದ್ದು ಬಹುಮಟ್ಟಿಗೆ ನಿನ್ನ ಲ್ಯಾಬಿನ ಪ್ರಯೋಗವೇ: ಒಂದು ತಂತಿ, ಒಂದು ವಿದ್ಯುತ್ಕಾಂತ. ಲೂಸಿಯರ್ ಅದನ್ನು ಮೇಜಿನಿಂದ ಎತ್ತಿ ಇಡೀ ಹಾಲಿನ ಉದ್ದಕ್ಕೂ ಎಳೆದರು. ಅದು 1977. ಹಾಲಿನ ಈ ತುದಿಯಿಂದ ಆ ತುದಿಗೆ ಒಂದು ತೆಳ್ಳನೆಯ ತಂತಿ. ಎರಡೂ ಕಡೆ ಮೇಜಿಗೆ ಕ್ಲಾಂಪ್. ಒಂದು ತುದಿಯ ಹತ್ತಿರ ತಂತಿಯನ್ನು ಅಪ್ಪಿಕೊಂಡ ಹಾಗೆ ಒಂದು ದೊಡ್ಡ ಆಯಸ್ಕಾಂತ. ತಂತಿಯ ಎರಡು ತುದಿ ಆಂಪ್ಲಿಫೈಯರಿಗೆ, ಆಂಪ್ಲಿಫೈಯರಿಗೆ ಆಸಿಲೇಟರಿನಿಂದ (ಬೇಕಾದ ಸ್ವರದ ಕರೆಂಟು ಹುಟ್ಟಿಸುವ ಯಂತ್ರ) ಒಂದು ಸ್ವರ. ಎರಡೂ ಕಡೆ ತಂತಿಯ ಕೆಳಗೆ ಮರದ ಬ್ರಿಜ್ಜು, ಅದರಲ್ಲಿ ಹುದುಗಿಸಿದ ಮೈಕು. ನಿನ್ನ ಸೋನೋಮೀಟರಿಗೂ ಇದಕ್ಕೂ ಇರುವ ವ್ಯತ್ಯಾಸ ಅಳತೆಯಲ್ಲಿ, ಮತ್ತೆ ಆ ಮೈಕಿನಲ್ಲಿ.

ಮೊದಮೊದಲು ಅವರು ಆಸಿಲೇಟರನ್ನು ತಿರುಗಿಸುತ್ತಾ ತಂತಿಯನ್ನು ‘ನುಡಿಸುತ್ತಿದ್ದರು’. ಆಮೇಲೆ ಗೊತ್ತಾಯಿತು, ಒಂದು ಸ್ವರಕ್ಕೆ ಇಟ್ಟು ಕೈ ತೆಗೆದುಬಿಟ್ಟರೆ ತಂತಿ ತಾನಾಗಿಯೇ ಬದಲಾಗುತ್ತಾ ಹೋಗುತ್ತದೆ ಅಂತ. ಕರೆಂಟು ಹರಿದು ತಂತಿ ಬಿಸಿಯಾಗುತ್ತದೆ, ಹಿಗ್ಗುತ್ತದೆ, ಬಿಗಿತ ಸಡಿಲುತ್ತದೆ. ಯಾರೋ ಬಾಗಿಲು ತೆಗೆದರೆ ಗಾಳಿಗೆ ತಣ್ಣಗಾಗುತ್ತದೆ, ಮತ್ತೆ ಬಿಗಿಯುತ್ತದೆ. ಒಂದು ಸ್ವರ ಇನ್ನೊಂದಾಗಿ ಒಡೆಯುತ್ತದೆ, ಸುಮ್ಮನಾಗುತ್ತದೆ, ಮತ್ತೆ ಏಳುತ್ತದೆ. ನನ್ನ ಆ ಹುಡುಗ ‘ಬೇರೆ ಥರ ಹಾಡುತ್ತೆ’ ಅಂದದ್ದು ಇದನ್ನೇ. 1979ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯ ಒಂದು ಶಾಪಿಂಗ್ ಸೆಂಟರಿನಲ್ಲಿ ಈ ತಂತಿ ಕಟ್ಟಿದರು. ಅಲ್ಲಿನ ಕೆಯುಎನ್ಎಂ ರೇಡಿಯೋ ಕೇಂದ್ರ ಅದನ್ನು ಐದು ದಿನ, ಐದು ರಾತ್ರಿ ಪ್ರಸಾರ ಮಾಡಿತು. ಜನ ಸಾಮಾನು ಕೊಳ್ಳುತ್ತಾ ಅಡ್ಡಾಡುತ್ತಿದ್ದರು, ತಲೆಯ ಮೇಲೆ ತಂತಿ ಹಾಡುತ್ತಿತ್ತು. 1980ರಲ್ಲಿ ಬಂದ ಧ್ವನಿಮುದ್ರಿಕೆಯಲ್ಲಿ ನಾಲ್ಕು ಭಾಗಗಳಿವೆ. ಪ್ರತಿ ಭಾಗಕ್ಕೂ ಒಂದೇ ಸ್ವರ, ನಡುವೆ ಯಾರೂ ಏನನ್ನೂ ಮುಟ್ಟಿಲ್ಲ. ಲೂಸಿಯರ್ 2021ರ ಡಿಸೆಂಬರಿನಲ್ಲಿ ತೀರಿಕೊಂಡರು.

ನಿನಗೆ ಒಂದು ಮನೆಗೆಲಸ ಕೊಡುತ್ತೇನೆ. ಮುಂದಿನ ಲ್ಯಾಬ್ ದಿನ ರೀಡಿಂಗ್ ಎಲ್ಲ ಬರೆದಾದ ಮೇಲೆ, ನಿಮ್ಮ ಮೇಷ್ಟ್ರ ಒಪ್ಪಿಗೆ ಕೇಳಿ, ಐದೇ ನಿಮಿಷ ಹಿತ್ತಾಳೆ ತಂತಿಯನ್ನು ಹಾಗೇ ನುಡಿಯಲು ಬಿಡು. ಫ್ಯಾನ್ ಹಾಕು, ಆರಿಸು. ಕಿಟಕಿ ತೆಗೆ. ಏನು ಕೇಳಿಸಿತು ಅಂತ ನನಗೆ ಬರೆ.

ಪ್ರಶ್ನೆ: ನಮ್ಮ ಮನೆ ಎದುರಿನ ಟ್ರಾನ್ಸ್‌ಫಾರ್ಮರ್ ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ. ಇದೂ ಅದೇ ಥರಾನಾ? ಹೆದರಬೇಕಾ?
– ಗೃಹಿಣಿ, ಚನ್ನರಾಯಪಟ್ಟಣ

ಅದೇ ಥರ ತಾಯಿ. ಟ್ರಾನ್ಸ್‌ಫಾರ್ಮರಿನೊಳಗೆ ಕಬ್ಬಿಣದ ತಗಡುಗಳನ್ನು ಅಡಕಿ ಇಟ್ಟಿರುತ್ತಾರೆ. ಆಯಸ್ಕಾಂತ ಶಕ್ತಿ ಏರಿ ಇಳಿದ ಹಾಗೆ ಆ ತಗಡುಗಳು ಕಣ್ಣಿಗೆ ಕಾಣದಷ್ಟು ಉದ್ದವಾಗಿ ಗಿಡ್ಡವಾಗುತ್ತವೆ. ಸೆಕೆಂಡಿಗೆ 100 ಸಲ. ಮೇಲೆ ಸಾಗರದ ಹುಡುಗನಿಗೆ ಹೇಳಿದ 100 ಇದೇ. ನಿಮ್ಮ ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಹೋಲಿಸಿ ನೋಡಿ. ಬಿಳಿ ಒಂದಕ್ಕೆ ಷಡ್ಜ ಇಟ್ಟುಕೊಂಡರೆ ಈ ಗುಂಯ್ ಹೆಚ್ಚುಕಡಿಮೆ ಮಂದ್ರ ಪಂಚಮ. ಒಂದು ಎಳೆ ಮೇಲೆ ಇರುತ್ತದೆ ಅಷ್ಟೆ. ಟೇಟ್ ಮಾಡರ್ನ್ ಮ್ಯೂಸಿಯಂ ಆದ ಮೇಲೂ ಪಕ್ಕದಲ್ಲಿ ಉಳಿದಿದ್ದ ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರುಗಳ ಗುಂಯ್ ಆ ದೊಡ್ಡ ಹಾಲಿನಲ್ಲಿ ಕೇಳಿಸುತ್ತಿತ್ತು. ಅಲ್ಲಿನ ಕರೆಂಟೂ 50ರದ್ದೇ. ಹಾಗಾಗಿ ನಿಮ್ಮ ಬೀದಿಯಲ್ಲಿ ಕೇಳುವ ಸ್ವರವೇ ಅಲ್ಲೂ.

ಒಂದೇ ಸಮನೆ ಗುಂಯ್ ಅನ್ನುತ್ತಿದ್ದರೆ ಹೆದರಬೇಡಿ. ಚಟಪಟ ಸದ್ದು ಬಂದರೆ, ಕಿಡಿ ಕಂಡರೆ, ಎಣ್ಣೆ ಸೋರಿದರೆ ಹತ್ತಿರ ಹೋಗದೆ ಲೈನ್‌ಮನ್‌ಗೆ ಫೋನ್ ಮಾಡಿ.

ಪ್ರಶ್ನೆ: ಹಿಂದೆಲ್ಲ ಮೊಬೈಲಿಗೆ ಕರೆ ಬರುವ ಮೊದಲೇ ಪಕ್ಕದ ರೇಡಿಯೋ ಟರ್ರ್ ಟರ್ರ್ ಅನ್ನುತ್ತಿತ್ತು. ಈಗ ಅನ್ನುವುದಿಲ್ಲ. ಯಾಕೆ?
– ಆಕಾಶವಾಣಿ ಕೇಳುಗರು, ಕುಮಟಾ

ಎಷ್ಟು ಚೆನ್ನಾಗಿ ಗಮನಿಸಿದ್ದೀರಿ! ಹಳೆಯ 2ಜಿ ಫೋನು ಮಾತನ್ನು ತುಂಡುತುಂಡಾಗಿ ಕಳಿಸುತ್ತಿತ್ತು. ಸೆಕೆಂಡಿಗೆ ಸುಮಾರು 217 ತುಂಡು. ರೇಡಿಯೋದೊಳಗಿನ ತಂತಿಗಳು ಅದನ್ನು ಹಿಡಿದುಬಿಡುತ್ತಿದ್ದವು. 217 ಅಂದರೆ ನಮ್ಮ ಕಿವಿಗೆ ಕೇಳುವ ಸ್ವರ, ಹಾಗಾಗಿ ಟರ್ರ್. ಈಗಿನ ಫೋನುಗಳು ಕಳಿಸುವ ರೀತಿ ಬೇರೆ, ಆ ಸದ್ದು ಏಳುವುದಿಲ್ಲ.

ಇಂಥ ಸದ್ದನ್ನೇ ಹುಡುಕಿಕೊಂಡು ಹೋದವರು ಕ್ರಿಸ್ಟೀನಾ ಕುಬಿಶ್, 1948ರಲ್ಲಿ ಜರ್ಮನಿಯ ಬ್ರೆಮೆನ್ನಿನಲ್ಲಿ ಹುಟ್ಟಿದ ಕಲಾವಿದೆ. ತಾಮ್ರದ ಸುರುಳಿ ಇರುವ ವಿಶೇಷ ಹೆಡ್‌ಫೋನ್ ಮಾಡಿಸಿದರು. 2004ರಿಂದ ಬೇರೆ ಬೇರೆ ಊರುಗಳಲ್ಲಿ ಜನರಿಗೆ ಆ ಹೆಡ್‌ಫೋನೂ ಒಂದು ನಕ್ಷೆಯೂ ಕೊಟ್ಟು ನಡೆದು ಬನ್ನಿ ಅನ್ನುತ್ತಾರೆ. ಎಟಿಎಂ ಒಂದು ಥರ ಮಿಡಿಯುತ್ತದೆ, ಟ್ರಾಮಿನ ತಂತಿ ಒಂದು ಥರ, ಅಂಗಡಿ ಬಾಗಿಲಲ್ಲಿ ಕಳ್ಳತನ ಹಿಡಿಯುವ ಗೇಟು ಇನ್ನೊಂದು ಥರ. ಟಾಕಿಸ್ ಅವರಲ್ಲಿ ಸೂಜಿ ಚಲಿಸುತ್ತದೆ, ಇಲ್ಲಿ ಕೇಳುವವರೇ ಚಲಿಸಬೇಕು.

ಪ್ರಶ್ನೆ: ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಸೂಜಿ–ತಂತಿಯ ಹಲಗೆ ಮಾಡಬಹುದೇ? ಖರ್ಚು ಕಡಿಮೆ ಇರಬೇಕು.
– ಪ್ರೌಢಶಾಲಾ ಶಿಕ್ಷಕರು, ಹಿರಿಯೂರು

ಖಂಡಿತ ಮಾಡಿ ಸರ್. ನಾನು ಊರಿಗೆ ಬಂದ ಮೇಲೆ ಮಾಡಿದ್ದೇನೆ, ಎಡವಿದ ಜಾಗಗಳನ್ನೂ ಹೇಳುತ್ತೇನೆ.

ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 30 ಗೇಜಿನ ತಾಮ್ರದ ತಂತಿ ಸಿಗುತ್ತದೆ. ಮೂರು ಇಂಚಿನ ದಪ್ಪ ಕಬ್ಬಿಣದ ಬೋಲ್ಟಿಗೆ ಮೊದಲು ಒಂದು ಪದರ ಕಾಗದ ಸುತ್ತಿ, ಮೇಲೆ 400 ಸುತ್ತು ತಂತಿ ಸುತ್ತಿಸಿ. ಮಕ್ಕಳೇ ಎಣಿಸುತ್ತಾ ಸುತ್ತಲಿ. ಎರಡು ತುದಿಯ ವಾರ್ನಿಷ್ ಕೆರೆಯಲು ಮರೆಯಬೇಡಿ, ಅದನ್ನು ಮರೆತು ನಾನು ಒಂದು ಸಂಜೆ ಕಳೆದೆ. ಹಲಗೆಗೆ ತೂತು ಕೊರೆದು ಬೋಲ್ಟಿನ ತಲೆ ಮುಂದೆ ಇಣುಕುವ ಹಾಗೆ ಹಿಂದಿನಿಂದ ಕೂರಿಸಿ. ಅದರ ಮುಂದೆ ಅಡ್ಡಲಾಗಿ ತಂಬೂರಿಯ ಹಿತ್ತಾಳೆ ತಂತಿ ಬಿಗಿಯಿರಿ. ಉಕ್ಕಿನ ತಂತಿ ಬೇಡ, ಬೋಲ್ಟು ಅದನ್ನೂ ಎಳೆಯುತ್ತದೆ. ಹಿತ್ತಾಳೆಯಾದರೆ ಸೂಜಿಯನ್ನು ಮಾತ್ರ ಎಳೆಯುತ್ತದೆ. ತಂತಿಯ ಎರಡು ಕಡೆಗೂ ಪೆನ್ಸಿಲ್ ತುಂಡಿನ ಕುದುರೆ ಇಡಿ. ಸೂಜಿಗೆ ಗೋಣಿಚೀಲ ಹೊಲಿಯುವ ದಬ್ಬಳ ಚೆನ್ನಾಗಿರುತ್ತದೆ. ದಾರಕ್ಕೆ ಕಟ್ಟಿ, ಬೋಲ್ಟಿನಿಂದ ಎರಡು ಸೆಂಟಿಮೀಟರ್ ದೂರದಲ್ಲಿ ತೂಗುಬಿಡಿ. ನಡುವೆ ತಂತಿ ಬರಬೇಕು.

ಇನ್ನೊಂದು ಗುಟ್ಟು. ದಬ್ಬಳ ಉಕ್ಕಿನದು. ಕರೆಂಟು ಹೋದ ಮೇಲೂ ಅದರಲ್ಲಿ ಸ್ವಲ್ಪ ಆಯಸ್ಕಾಂತ ಗುಣ ಉಳಿಯುತ್ತದೆ, ಬೋಲ್ಟಿಗೆ ಅಂಟಿಕೊಂಡುಬಿಡುತ್ತದೆ. ಬೋಲ್ಟಿನ ತಲೆಗೆ ಎರಡು ಪದರ ಇನ್ಸುಲೇಷನ್ ಟೇಪು ಅಂಟಿಸಿ. ಆಗ ಬಿಟ್ಟುಕೊಡುತ್ತದೆ.

ನಾಲ್ಕು ದೊಡ್ಡ ಟಾರ್ಚ್ ಸೆಲ್ಲು ಸಾಕು. ಒತ್ತುವ ಸ್ವಿಚ್ ಹಾಕಿ, ಒಂದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ, ಸುರುಳಿ ಬಿಸಿಯಾಗುತ್ತದೆ. ಗೋಡೆಯ ಪ್ಲಗ್ಗಿಗೆ ಇದನ್ನು ಯಾವ ಕಾರಣಕ್ಕೂ ಸಿಕ್ಕಿಸಬಾರದು, ಇದನ್ನು ಮಕ್ಕಳಿಗೆ ಎರಡೆರಡು ಸಲ ಹೇಳಿ. ಹಲಗೆಯನ್ನು ಮಾವಿನಹಣ್ಣಿನ ಖಾಲಿ ಪೆಟ್ಟಿಗೆಗೆ ಹೊಡೆದು ನಿಲ್ಲಿಸಿದರೆ ನಾದ ತುಂಬಿಕೊಳ್ಳುತ್ತದೆ. ಸ್ಪೀಕರಿನ ಖರ್ಚೂ ಉಳಿಯಿತು.

ಪ್ರಶ್ನೆ: ಕರೆಂಟ್ ಹೋದ್ರೆ ಆ ಶಿಲ್ಪ ಏನ್ ಮಾಡುತ್ತೆ?
– 7ನೇ ತರಗತಿ ವಿದ್ಯಾರ್ಥಿ, ಕಾರ್ಕಳ

ಸೂಜಿ ಸ್ವಲ್ಪ ಹೊತ್ತು ತೂಗುತ್ತದೆ ಪುಟ್ಟಾ. ಆಮೇಲೆ ನಿಲ್ಲುತ್ತದೆ. ತಂತಿ ಸುಮ್ಮನಾಗುತ್ತದೆ. ಆದರೆ ದಾರಕ್ಕೆ ಕಟ್ಟಿದ ಮೊಳೆಯ ಶಿಲ್ಪದ ಬಗ್ಗೆ ಮೇಲೆ ಬರೆದಿದ್ದೀನಲ್ಲ, ಅದಕ್ಕೆ ಕರೆಂಟು ಬೇಡ. ಅಲ್ಲಿರುವುದು ಬರೀ ಆಯಸ್ಕಾಂತ. ಮ್ಯೂಸಿಯಂನವರು ದೀಪ ಆರಿಸಿ ಬೀಗ ಹಾಕಿಕೊಂಡು ಮನೆಗೆ ಹೋದ ಮೇಲೂ ಆ ಮೊಳೆ ದಾರವನ್ನು ಜಗ್ಗುತ್ತಾ ಗಾಳಿಯಲ್ಲೇ ನಿಂತಿರುತ್ತದೆ.